30 ಲಕ್ಷ ಹು ಧಾನ್ಯ, ಕಬ್ಬಿಣದ ಬಾಗಿಲು: ಗೊಂಗ್‌ಸುನ್ ಜಾನ್ ಯಾಕೆ ಬಿದ್ದ?

ಶಿಡ್ಲಘಟ್ಟದ ಗೂಡು:

ನಮಸ್ಕಾರ ಎಲ್ಲರಿಗೂ. ನಮ್ಮದು ಶಿಡ್ಲಘಟ್ಟ, ಮನೆ ಹಿಂದೇನೇ ರೇಷ್ಮೆ ರೀಲಿಂಗ್ ಯೂನಿಟ್ಟು. ರಾತ್ರಿ ಕೆಲಸ ಮುಗಿದ ಮೇಲೆ ಮೊಬೈಲಲ್ಲಿ ಚೀನಾದ ಮೂರು ರಾಜ್ಯಗಳ ಕಾಲದ ಧಾರಾವಾಹಿ ನೋಡೋ ಚಟ ಹತ್ತಿದೆ. ಅದರಲ್ಲಿ ಗೊಂಗ್‌ಸುನ್ ಜಾನ್ ಅಂತ ಒಬ್ಬ ಸೇನಾಪತಿ ಬರ್ತಾನೆ. ಬಿಳಿ ಕುದುರೆ ದಳ ಕಟ್ಕೊಂಡು ಗಡಿಯಾಚೆಯವರನ್ನೆಲ್ಲ ಅಟ್ಟಾಡಿಸ್ತಾನೆ. ಕಥೆ ಇವನದೇ ಅನ್ನೋ ಥರ ಶುರು ಮಾಡಿದ್ರು. ಆಮೇಲೆ ನೋಡಿದ್ರೆ ಒಂದು ಕೋಟೆ ಒಳಗೆ ಸೇರ್ಕೊಂಡು ಬಾಗಿಲು ಹಾಕ್ಕೊಂಡ, ಎರಡು ಸೀನಲ್ಲಿ ಮುಗಿಸೇಬಿಟ್ರು.

ಹುಡುಕಿ ಓದಿದೆ, ತಲೆ ಇನ್ನೂ ಕೆಟ್ಟೋಯ್ತು. ಕೋಟೆ ಹೆಸರು ಯಿಜಿಂಗ್, ಈಗಿನ ಹೆಬೆಯ್ ಪ್ರಾಂತದಲ್ಲಿ ಯಿ ನದಿ ಪಕ್ಕ. ಸುತ್ತ ಹತ್ತು ಸಾಲು ಕಂದಕ. ಒಳಗೆ ಮಣ್ಣಿನ ದಿಬ್ಬ ಎಬ್ಬಿಸಿ ಅದರ ಮೇಲೆ ಬುರುಜು, ಅಂಥವು ಸಾವಿರಾರು. ನಡುವಿನ ದಿಬ್ಬ ಹತ್ತು ಝಾಂಗ್ ಎತ್ತರ, ಅಂದ್ರೆ ಹತ್ತಿರಹತ್ತಿರ 23 ಮೀಟರ್, ಅದರ ಮೇಲೆ ಇವನ ವಾಸ. ಒಳಗೆ 30 ಲಕ್ಷ ಹು ಧಾನ್ಯ. ಆ ಕಾಲದ ಒಂದು ಹು ಅಂದ್ರೆ ಸುಮಾರು 20 ಲೀಟರ್ ಅಂತೆ. ಒಬ್ಬ ಸೈನಿಕನಿಗೆ ತಿಂಗಳಿಗೆ ಮೂರು ಹು ಅಂತ ಇಟ್ಕೊಂಡ್ರೂ ಹತ್ತು ಸಾವಿರ ಜನ ಎಂಟು ವರ್ಷ ಕೂತು ತಿನ್ನಬಹುದು. ಆದ್ರೆ 195ರ ಸುಮಾರಿಗೆ ಒಳಗೆ ಹೋದವನು 199ಕ್ಕೆ ಹೆಣ. ಕೆಟ್ಟಿದ್ದು ಗೋಡೆಯೋ ತಲೆಯೋ? ತಿಳಿದೋರು ಸ್ವಲ್ಪ ಬಿಡಿಸಿ ಹೇಳಿ.

ಬಂಗಾರಪೇಟೆ ಹಳೇ ಕೇಜು:

ತಮ್ಮಾ, ಲೆಕ್ಕ ಚೆನ್ನಾಗಿ ಹಾಕಿದ್ದೀಯ. ಅನ್ನ ಸಾಲದೆ ಬಿದ್ದ ಕೋಟೆ ಅಲ್ಲ ಅದು. ನಾನು ಕೋಲಾರದ ಚಿನ್ನದ ಗಣಿಯಲ್ಲಿ, 2001ರಲ್ಲಿ ಮುಚ್ಚೋವರೆಗೂ, ನೆಲದಡಿ ಟಿಂಬರ್ ಕೆಲಸದಲ್ಲಿದ್ದವನು. ಅಗೆದ ಜಾಗ ಕುಸೀದ ಹಾಗೆ ಮರದ ಆಸರೆ ನಿಲ್ಲಿಸೋ ಗ್ಯಾಂಗು ನಮ್ಮದು. ಎಲ್ಲರೂ ಇವನ ಬಿಳಿ ಕುದುರೆ ನೋಡ್ತಾರೆ, ನನಗೆ ಮಾತ್ರ ಅವನ ದೊಡ್ಡ ವೈರಿ, ಇನ್ನೊಬ್ಬ ಸೇನಾಪತಿ ಯುವಾನ್ ಶಾವ್ ಅವನ ಕಾಲಡಿ ಕೊರೆಸಿದ ಸುರಂಗದ ಮೇಲೇ ಕಣ್ಣು. ಅಲ್ಲಿಗೆ ಬರ್ತೀನಿ. ಅದಕ್ಕೆ ಮೊದಲು ಅಷ್ಟು ಧಾನ್ಯ ಯಾಕೆ ತುಂಬಿಸಿದ ಅಂತ ತಿಳ್ಕೋ.

ಹುಟ್ಟಿದ್ದು ಈಶಾನ್ಯ ಗಡಿಯ ಲಿಯಾವೊಶಿ ಸೀಮೆ. ಮನೆತನ ದೊಡ್ಡದು, ಆದರೆ ತಾಯಿಗೆ ಮನೆಯಲ್ಲಿ ಮರ್ಯಾದೆ ಇರಲಿಲ್ಲ. ಅದಕ್ಕೇ ಗುಮಾಸ್ತಗಿರಿಯಿಂದ ಶುರು ಮಾಡಬೇಕಾಯ್ತು. ಆಳು ಲಕ್ಷಣವಾಗಿದ್ದ, ಗಂಟಲು ದೊಡ್ಡದು, ಮಾತು ಚುರುಕು. ಅದನ್ನು ಮೆಚ್ಚಿಕೊಂಡ ಸೀಮೆ ಅಧಿಕಾರಿ ಮಗಳನ್ನೇ ಕೊಟ್ಟು, ಲು ಝಿ ಅನ್ನೋ ದೊಡ್ಡ ವಿದ್ವಾಂಸರ ಹತ್ತಿರ ಓದೋಕೆ ಕಳಿಸಿದ. ಮುಂದೆ ಮೂರು ರಾಜ್ಯಗಳಲ್ಲಿ ಒಂದನ್ನ ಕಟ್ಟಿದ ಲಿಯು ಬೆಯ್ ಅಲ್ಲೇ ಜೊತೆಗಾರನಾದ. ಮುಂದೆ ಇವನ ಇನ್ನೊಬ್ಬ ಮೇಲಧಿಕಾರಿಗೆ ಗಡಿಪಾರು ಶಿಕ್ಷೆ ಆಯ್ತು, ದಕ್ಷಿಣದ ತುತ್ತತುದಿ ರಿನಾನ್‌ಗೆ, ಜ್ವರದ ಸೀಮೆ, ಹೋದವರು ಬರೋದು ಕಷ್ಟ. ಇವನು ಆಳಿನ ವೇಷ ಹಾಕಿ ಜೊತೆಗೇ ಹೊರಟ. ಹೊರಡೋ ಮೊದಲು ಹಿರೀಕರಿಗೆ ಎಡೆ ಇಟ್ಟು, ತಿರುಗಿ ಬರ್ತೀನೋ ಇಲ್ಲವೋ ಅಂತ ಅತ್ತನಂತೆ. ದಾರಿಯಲ್ಲೇ ಕ್ಷಮೆ ಸಿಕ್ಕಿ ವಾಪಸು ಬಂದರು. ಇದು ನೆನಪಿರಲಿ: ಕಷ್ಟದಲ್ಲಿರೋ ಮನುಷ್ಯನ ಹಿಂದೆ ಹೋಗೋ ಗುಣ ಮೊದಲು ಇವನಲ್ಲಿ ಇತ್ತು.

ಆಮೇಲೆ ಗಡಿ ಕೆಲಸ. ಒಂದ್ಸಲ ಕೆಲವೇ ಸವಾರರ ಜೊತೆ ಹೋಗ್ತಿದ್ದಾಗ ಗಡಿಯಾಚೆಯ ಶಿಯಾನ್‌ಬೆಯ್ ಬುಡಕಟ್ಟಿನ ನೂರಾರು ಕುದುರೆಯವರು ಎದುರಾದರು. ಎರಡು ತುದಿಗೂ ಅಲಗು ಕಟ್ಟಿದ ಭರ್ಜಿ ಹಿಡಿದು ನುಗ್ಗಿಯೇಬಿಟ್ಟ. ಬಿಲ್ಲುಗಾರರಿಗೆಲ್ಲ ಬಿಳಿ ಕುದುರೆ ಕೊಟ್ಟು ಎಡಬಲಕ್ಕೆ ಇಟ್ಟುಕೊಂಡ. ಗಡಿಯ ಇನ್ನೊಂದು ಬುಡಕಟ್ಟು ವುಹುವಾನ್ ಜನ ಇವನ ಚಿತ್ರ ಬರೆದು, ಅದಕ್ಕೆ ಬಾಣ ಬಿಟ್ಟು, ತಾಗಿದರೆ ಜಯಕಾರ ಹಾಕ್ತಿದ್ದರಂತೆ. ಅಷ್ಟು ಭಯ.

187ರಲ್ಲಿ ದಂಗೆ ಎದ್ದಿತು. ದಂಗೆಯವರನ್ನ ಅಟ್ಟಿಸಿಕೊಂಡು ತೀರಾ ಒಳಕ್ಕೆ ಹೋದ, ಹಿಂದೆ ಬೇರೆ ದಂಡು ಬರಲಿಲ್ಲ, ಗುವಾನ್‌ಜಿ ಅನ್ನೋ ಊರಲ್ಲಿ ಸಿಕ್ಕಿಹಾಕಿಕೊಂಡ. ಇನ್ನೂರು ದಿನದ ಮೇಲೆ ಮುತ್ತಿಗೆ. ಧಾನ್ಯ ಮುಗಿದ ಮೇಲೆ ಕುದುರೆ ತಿಂದರು. ಕುದುರೆ ಮುಗಿದ ಮೇಲೆ ಅಡ್ಡಬಿಲ್ಲು, ಗುರಾಣಿಗಳನ್ನ ಬೇಯಿಸಿ ತಿಂದರು, ಅದರ ತೊಗಲಿಗೋಸ್ಕರ. ಕೊನೆಗೆ ಕತ್ತಲಲ್ಲಿ ಚದುರಿಹೋಗೋಕೆ ಹೇಳಿ ಬಿಟ್ಟ. ಹಿಮ, ಹಳ್ಳ, ಕಂದಕ ಅಂತ ಅರ್ಧಕ್ಕಿಂತ ಹೆಚ್ಚು ಜನ ಸತ್ತರು.

ಇಂಥದ್ದು ಕಂಡವನು ಮುಂದೆ 30 ಲಕ್ಷ ಹು ಕೂಡಿಟ್ಟ ಅಂದರೆ ನನಗೆ ಆಶ್ಚರ್ಯ ಇಲ್ಲ. ಗುವಾನ್‌ಜಿಯಲ್ಲಿ ಅವನಿಗೆ ಎರಡು ಕೊರತೆ ಇತ್ತು. ಒಂದು ಅನ್ನ, ಇನ್ನೊಂದು ಹೊರಗಿಂದ ಬಿಡಿಸೋಕೆ ಬರೋ ಜನ. ಅನ್ನದ ಕೊರತೆ ಮಾತ್ರ ನೆನಪಲ್ಲಿ ಉಳಿಸಿಕೊಂಡ.

ನಡುವಿನ ಕಥೆ ಬೇಗ ಹೇಳ್ತೀನಿ. 191ರಲ್ಲಿ ಹಳದಿ ಮುಂಡಾಸಿನ ಬಂಡಾಯಗಾರರ ದೊಡ್ಡ ಗುಂಪನ್ನ ಮುರಿದು ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನರನ್ನ ಸೆರೆ ಹಿಡಿದ. ಉತ್ತರದಲ್ಲಿ ಅವನಷ್ಟು ದೊಡ್ಡವರು ಆಗ ಇರಲಿಲ್ಲ. ಅದೇ ಹೊತ್ತಿಗೆ ಅವನ ದಾಯಾದಿ ತಮ್ಮ ಒಂದು ಜಗಳದಲ್ಲಿ ಬಾಣ ತಗುಲಿ ಸತ್ತ, ಆ ಜಗಳಕ್ಕೆ ಯುವಾನ್ ಶಾವ್ ಕಾರಣ ಅಂತ ಇವನ ಕೋಪ. 192ರಲ್ಲಿ ಜಿಯೆಚ್ಯಾವ್ ಸೇತುವೆ ಹತ್ತಿರ ಎದುರುಬದುರಾದರು. ಇವನ ಕಡೆ ಮೂವತ್ತು ಸಾವಿರ ಕಾಲಾಳು, ಎಡಕ್ಕೆ ಐದು ಸಾವಿರ ಕುದುರೆ, ಬಲಕ್ಕೆ ಐದು ಸಾವಿರ. ಆ ಕಡೆ ಮುಂದೆ ನಿಂತಿದ್ದು ಚ್ಯು ಯಿ ಅನ್ನೋನು, ಎಂಟು ನೂರು ಜನ, ಪಕ್ಕದಲ್ಲಿ ಸಾವಿರ ಅಡ್ಡಬಿಲ್ಲು. ಇಷ್ಟೇನಾ ಅಂತ ಕುದುರೆ ಬಿಟ್ಟ. ಆ ಎಂಟು ನೂರು ಜನ ಗುರಾಣಿ ಕೆಳಗೆ ಕುಕ್ಕರುಗಾಲಲ್ಲಿ ಕೂತು, ಗೊರಸು ತೀರಾ ಹತ್ತಿರ ಬರೋವರೆಗೂ ಅಲ್ಲಾಡಲಿಲ್ಲ. ಆಮೇಲೆ ಒಟ್ಟಿಗೆ ಎದ್ದರು, ಬಾಣ ಒಟ್ಟಿಗೆ ಹಾರಿತು. ಬಿಳಿ ಕುದುರೆ ಕಥೆ ಮುಗಿದಿದ್ದು ಅಲ್ಲೇ ಅಂತ ನನ್ನ ಲೆಕ್ಕ, ಹೆಸರು ಮಾತ್ರ ಇನ್ನೂ ಕೆಲವು ವರ್ಷ ಓಡಿತು.

ಈಗ ಯಿಜಿಂಗ್. ಅದಕ್ಕೂ ಸ್ವಲ್ಪ ಮೊದಲು ಇವನ ಒಬ್ಬ ಸರದಾರನನ್ನ ಶತ್ರು ಸುತ್ತುವರಿದಿದ್ದರು. ಬಿಡಿಸೋಕೆ ಹೋಗೋಣ ಅಂದರೆ ಇವನು ಹೇಳಿದ್ದೇನು ಗೊತ್ತಾ? ಒಬ್ಬನನ್ನ ಬಿಡಿಸಿದರೆ ಮಿಕ್ಕವರೆಲ್ಲ ನಮಗೂ ಯಾರಾದರೂ ಬರ್ತಾರೆ ಅಂತ ಕೂತುಬಿಡ್ತಾರೆ, ಜೀವ ಕೊಟ್ಟು ಹೊಡೆದಾಡೋದಿಲ್ಲ. ಬಿಡಿಸದೆ ಹೋದರೆ ಅವರೇ ಗಟ್ಟಿಯಾಗ್ತಾರೆ, ಅಂತ. ಕೇಳೋಕೆ ಖಡಕ್ ಸೇನಾಪತಿ ಮಾತು. ಯುವಾನ್ ಶಾವ್ ಉತ್ತರಕ್ಕೆ ಏರಿ ಬಂದಾಗ ದಕ್ಷಿಣ ಗಡಿಯ ಠಾಣ್ಯಗಳವರು ಲೆಕ್ಕ ಹಾಕಿದರು: ನಾವು ತಡೆಯೋಕೆ ಆಗಲ್ಲ, ನಮ್ಮನ್ನ ಬಿಡಿಸೋಕೆ ಯಾರೂ ಬರೋದಿಲ್ಲ ಅನ್ನೋದೂ ಖಾತ್ರಿ. ಕೆಲವರು ತಮ್ಮ ದಳಪತಿಯನ್ನ ತಾವೇ ಕೊಂದು ಆ ಕಡೆ ಸೇರಿದರು, ಕೆಲವರು ಸುಮ್ಮನೆ ಚೆದುರಿದರು. ಯುವಾನ್ ಶಾವ್ ಸೈನ್ಯ ನಡ್ಕೊಂಡು ಸೀದಾ ಕೋಟೆ ಬಾಗಿಲಿಗೆ ಬಂತು.

ಸುರಂಗದ ವಿಚಾರಕ್ಕೆ ಬಂದೆ. ಅವರು ಮಾಡಿದ್ದು ಇಷ್ಟು. ನೆಲ ಕೊರೆದು ಬುರುಜಿನ ಬುಡಕ್ಕೆ ಹೋಗೋದು, ಅಗೆದಷ್ಟೂ ಮರದ ಕಂಬ ಕೊಟ್ಟು ನಿಲ್ಲಿಸ್ತಾ ಹೋಗೋದು, ಬುಡದಲ್ಲಿ ಅರ್ಧ ಭಾಗ ಟೊಳ್ಳಾಯ್ತು ಅಂತ ಅಂದಾಜು ಸಿಕ್ಕಿದ ಮೇಲೆ ಕಂಬಗಳಿಗೆ ಬೆಂಕಿ ಇಡೋದು. ಬುರುಜು ತಾನಾಗಿ ಕೂತ್ಕೊಳ್ಳುತ್ತೆ. ಓದೋರಿಗೆ ಇದು ಒಂದು ಸಾಲು. ಕೆಲಸ ಮಾಡಿದೋರನ್ನ ಕೇಳು. ಅರ್ಧ ಟೊಳ್ಳಾಯ್ತು ಅನ್ನೋ ಅಂದಾಜಿದೆಯಲ್ಲ, ಜೀವ ಇರೋದು ಅದರಲ್ಲಿ. ಕಮ್ಮಿ ಅಗೆದು ಸುಟ್ಟರೆ ಬುರುಜು ಬೀಳೋದಿಲ್ಲ, ಹೊಗೆ ಕಂಡು ಮೇಲಿನವರು ಎಚ್ಚರಾಗ್ತಾರೆ. ಜಾಸ್ತಿ ಅಗೆದರೆ ನೀನೇ ಅಡಿಯಾಗ್ತೀಯ. ಮರ ಭಾರ ಹಿಡಿದಾಗ ಸದ್ದು ಮಾಡುತ್ತೆ, ಅದನ್ನ ಕೇಳಿ ಎಷ್ಟು ಹೊತ್ತಿದೆ ಅಂತ ಹೇಳೋ ಹಳಬರು ನಮ್ಮ ಗ್ಯಾಂಗಲ್ಲೂ ಇದ್ದರು. ನಮ್ಮದು ಬಂಡೆ, ಅವರದು ನದಿ ಬಯಲಿನ ಮಣ್ಣು. ಅಗೆಯೋದು ಸುಲಭ, ನಿಲ್ಲಿಸೋದು ಕಷ್ಟ. ಯುವಾನ್ ಶಾವ್ ಹತ್ತಿರ ಕಸುಬು ಗೊತ್ತಿದ್ದ ಜನ ಇದ್ದರು, ಒಬ್ಬರ ಹೆಸರೂ ಯಾರೂ ಬರೆದಿಡಲಿಲ್ಲ.

ಇದಕ್ಕೆ ಮದ್ದು ಇರಲಿಲ್ಲ ಅಂತಲ್ಲ. ಅವನಿಗಿಂತ ನಾನೂರು ಐನೂರು ವರ್ಷ ಮೊದಲೇ ಚೀನಾದಲ್ಲಿ ಮೋಜಿ ಅನ್ನೋ ತತ್ವಜ್ಞಾನಿಯ ಪಂಥದವರು ಹೇಳಿಕೊಟ್ಟಿದ್ದರು: ಕೋಟೆ ಒಳಗೆ ಬಾವಿ ತೋಡಿ, ಬಾಯಿಗೆ ತೊಗಲು ಬಿಗಿದ ದೊಡ್ಡ ಗುಡಾಣ ಇಳಿಸಿ, ಕಿವಿ ಚುರುಕಿರೋನನ್ನ ಕೂರಿಸಿದರೆ ಯಾವ ದಿಕ್ಕಲ್ಲಿ ಅಗೀತಿದ್ದಾರೆ ಅಂತ ತಿಳಿಯುತ್ತೆ, ಆಗ ಎದುರು ಸುರಂಗ ಕೊರೀಬಹುದು. ಆದರೆ ಯಿಜಿಂಗ್‌ನ ನಡು ಬುರುಜಿಗೆ ಕಬ್ಬಿಣದ ಬಾಗಿಲು. ಏಳು ವರ್ಷ ತುಂಬಿದ ಗಂಡು ಯಾವನೂ ಒಳಗೆ ಬರೋ ಹಾಗಿಲ್ಲ. ಕಾಗದ ಪತ್ರ ಹಗ್ಗ ಕಟ್ಟಿ ಮೇಲಕ್ಕೆ ಎಳ್ಕೋಬೇಕು. ಕೆಳಗೆ ಏನೋ ಗುದ್ದೋ ಸದ್ದು ಕೇಳ್ತಿದೆ ದೊರೆ ಅಂತ ಯಾರು ಹೋಗಿ ಹೇಳಬೇಕಿತ್ತು?

ನಾವು ಮೂರು ಕಿಲೋಮೀಟರ್ ಆಳದ ಗಣಿಗೆ ಇಳೀತಿದ್ದೆವು. ಬಂಡೆ ಸಿಡಿದು ಜನ ಸಿಕ್ಕಿಹಾಕಿಕೊಂಡರೆ ಮೇಲಿನವರು ಬಂದೇ ಬರ್ತಾರೆ, ಜೀವ ಇದ್ದರೂ ಹೆಣ ಆಗಿದ್ದರೂ ತೆಗೀತಾರೆ ಅಂತ ಎಲ್ಲರಿಗೂ ಗೊತ್ತಿತ್ತು. ಆ ಧೈರ್ಯ ಇಲ್ಲದಿದ್ದರೆ ಬೆಳಗಿನ ಷಿಫ್ಟಿಗೆ, ಗಣಿಗೆ ಇಳಿಸೋ ಕೇಜಿನ ಹತ್ತಿರ ಒಬ್ಬನೂ ನಿಲ್ಲುತ್ತಿರಲಿಲ್ಲ. ಬಿಡಿಸೋಕೆ ಬರ್ತಾರೆ ಅಂತ ಗೊತ್ತಿದ್ದರೆ ಮನುಷ್ಯ ಸೋಮಾರಿ ಆಗ್ತಾನೆ ಅಂತ ಲೆಕ್ಕ ಹಾಕಿದವನು ಒಂದು ದಿನಾನೂ ಕೆಳಗೆ ಇಳಿದಿಲ್ಲ ಅಂತ ಅಂದುಕೊಳ್ಳೋಣ ಅಂದರೆ, ಇವನು ಗುವಾನ್‌ಜಿಯಲ್ಲಿ ಇನ್ನೂರು ದಿನ ಇಳಿದಿದ್ದ! ಅದೇ ನನಗೆ ಅರ್ಥ ಆಗದೇ ಇರೋದು.

ಮಧುಗಿರಿ ದಿಡ್ಡಿಬಾಗಿಲು:

ಹಳೇ ಕೇಜು ಸಾರ್, ಸುರಂಗದ ವಿವರಕ್ಕೆ ಕೈ ಮುಗಿದೆ. ಆದರೆ ಕೋಟೆಗೆ ಇಷ್ಟು ಬೈಬೇಡಿ, ನಾವು ಬೆಟ್ಟದ ಕೋಟೆ ಊರಿನವರು, ಬೇಜಾರಾಗುತ್ತೆ. ನಮ್ಮ ಏಕಶಿಲೆ ಬೆಟ್ಟದ ಬುಡದಲ್ಲಿ ಕಂಬ ಕೊಟ್ಟು ಅಗೆಯೋಕೆ ಯುವಾನ್ ಶಾವ್ ಅಲ್ಲ, ಅವರಪ್ಪ ಬಂದರೂ ಆಗ್ತಿರಲಿಲ್ಲ. ಧಾನ್ಯ ಕೂಡಿಡೋದೂ ತಪ್ಪಲ್ಲ. ನಮ್ಮ ಕಡೆ ಹಗೇವಿನಲ್ಲಿ ರಾಗಿ ಹಾಕಿ ಮುಚ್ಚಿ ವರ್ಷಾನುಗಟ್ಟಲೆ ಇಡ್ತಿದ್ದದ್ದು ಬರಗಾಲಕ್ಕೇ ತಾನೆ.

ಹಾಗಂತ ಬಂಡೆ ಕೋಟೆಗಳು ಬೀಳಲಿಲ್ಲ ಅಂತಲೂ ಅಲ್ಲ. ನಂದಿದುರ್ಗ ನೋಡಿ, 1791ರ ಅಕ್ಟೋಬರಿನಲ್ಲಿ ಇಂಗ್ಲಿಷರು ಇಳಿಜಾರಲ್ಲಿ ದಾರಿ ಮಾಡಿಕೊಂಡು ಫಿರಂಗಿ ಮೇಲೆ ಎಳೆದು, ಗೋಡೆ ಒಡೆದು, ರಾತ್ರಿ ಹೊತ್ತು ನುಗ್ಗಿದರು. ಸುತ್ತಲಿನ ಸೀಮೆ ಕೈತಪ್ಪಿದ ಮೇಲೆ ಬೆಟ್ಟ ಎಷ್ಟು ದಿನ ನಿಲ್ಲುತ್ತೆ?

ನನ್ನ ಪ್ರಕಾರ ಇವನು ಬಿದ್ದಿದ್ದು 199ರಲ್ಲಿ ಅಲ್ಲ, 193ರಲ್ಲಿ. ಇವನ ಮೇಲೆ ಯೌ ಪ್ರಾಂತದ ಅಧಿಪತಿ ಲಿಯು ಯು ಅಂತ ಇದ್ದ, ರಾಜವಂಶದವನು, ಮೆದು ಮನುಷ್ಯ. ಗಡಿಯ ವುಹುವಾನರನ್ನ ಮಾತಾಡಿಸಿ, ಉಡುಗೊರೆ ಕೊಟ್ಟು ಸಮಾಧಾನದಲ್ಲಿ ಇಟ್ಟುಕೊಳ್ಳಬೇಕು ಅನ್ನೋ ಪಕ್ಷ. ಇವನಿಗೆ ಹೊಡೆತ ಬಿಟ್ಟರೆ ಬೇರೆ ಭಾಷೆ ಬರಲ್ಲ. ಜಗಳ ಹಣ್ಣಾಗಿ ಕೊನೆಗೆ ಲಿಯು ಯು ಒಂದು ಲಕ್ಷ ಜನ ಕರ್ಕೊಂಡು ಬಂದ. ಬಂದವನು ಕೊಟ್ಟ ಅಪ್ಪಣೆ ನೋಡಿ: ಬೇರೆ ಯಾರಿಗೂ ಗಾಯ ಮಾಡಬೇಡಿ, ಅವನೊಬ್ಬನನ್ನ ಮಾತ್ರ ಕೊಲ್ಲಿ, ಜನರ ಮನೆ ಸುಡಬೇಡಿ. ಗೊಂಗ್‌ಸುನ್ ಜಾನ್ ಸೈನ್ಯ ಆಗ ಹೊರಗೆ ಚೆದುರಿತ್ತು, ಹೆದರಿ ಗೋಡೆ ತೂತು ಮಾಡಿಕೊಂಡು ಓಡಿಹೋಗೋಕೂ ನೋಡಿದ. ಆಮೇಲೆ ಎದುರಿನವರ ಅವಸ್ಥೆ ಕಂಡು ಕೆಲವು ನೂರು ಗಟ್ಟಿ ಆಳು ಆರಿಸಿ, ಗಾಳಿ ನೋಡಿ ಬೆಂಕಿ ಹಚ್ಚಿ ನುಗ್ಗಿದ. ಲಕ್ಷ ಜನ ದಿಕ್ಕಾಪಾಲು.

ಸೆರೆ ಹಿಡಿದ ಲಿಯು ಯುವನ್ನ ಪೇಟೆ ಬೀದಿಯಲ್ಲಿ ನಿಲ್ಲಿಸಿ, ನೀನು ಚಕ್ರವರ್ತಿ ಆಗೋ ಯೋಗದವನಾದರೆ ಆಕಾಶ ಮಳೆ ಸುರಿಸಿ ಕಾಪಾಡಲಿ ಅಂದ. ಸುಡುಬೇಸಿಗೆ, ಬರಗಾಲ ಬೇರೆ. ಮಳೆ ಬರಲಿಲ್ಲ, ತಲೆ ತೆಗೆಸಿದ. ಸಾರ್, ಇಂಥ ಪರೀಕ್ಷೆಯನ್ನ ಪಾವಗಡದಲ್ಲಿ ಇಟ್ಟರೆ ದೇವರೇ ಬಂದು ನಿಂತರೂ ಫೇಲಾಗ್ತಾನೆ. ಅಲ್ಲಿಂದ ಮುಂದೆ ಲಿಯು ಯುವಿನ ಹಳೇ ಅಧಿಕಾರಿಗಳು, ವುಹುವಾನರು, ಶಿಯಾನ್‌ಬೆಯ್‌ಗಳು, ಲಿಯು ಯುವಿನ ಮಗ, ಜೊತೆಗೆ ಜಿಯೆಚ್ಯಾವ್‌ನ ಅದೇ ಚ್ಯು ಯಿ, ಎಲ್ಲ ಒಂದಾಗಿ 195ರಲ್ಲಿ ಇವನ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರನ್ನ ಕಡಿದುಹಾಕಿದರು. ಕೋಟೆಗೆ ಓಡಿದ್ದು ಅದಕ್ಕೆ. ಸುತ್ತಮುತ್ತ ಇದ್ದವರಲ್ಲಿ ಒಬ್ಬನೂ ಇವನವನಾಗಿ ಉಳಿದಿರಲಿಲ್ಲ.

ಶಿಡ್ಲಘಟ್ಟದ ಗೂಡು:

ದೊಡ್ಡ ಥ್ಯಾಂಕ್ಸ್ ಇಬ್ಬರಿಗೂ. ಒಂದು ಚಿಕ್ಕ ಪ್ರಶ್ನೆ. ಇವನಿಗೆ ಒಬ್ಬ ರೇಷ್ಮೆ ವ್ಯಾಪಾರಿ ಸ್ನೇಹಿತ ಇದ್ದ ಅಂತ ಎಲ್ಲೋ ಒಂದು ಸಾಲು ನೋಡಿದೆ. ಹೌದಾ? ನಮ್ಮ ಲೈನಿನವನು ಅಂತ ಕುತೂಹಲ ಅಷ್ಟೇ. ಇನ್ನೊಂದು, ಲಿಯು ಬೆಯ್, ಆಮೇಲೆ ಅವನ ಸರದಾರನಾದ ಝಾವ್ ಯುನ್ ಇಬ್ಬರೂ ಮೊದಲು ಇವನ ಹತ್ತಿರಾನೇ ಇದ್ದರಲ್ಲ, ಅವರ್ಯಾಕೆ ನಿಲ್ಲಲಿಲ್ಲ?

ಬಂಗಾರಪೇಟೆ ಹಳೇ ಕೇಜು:

ಹೌದು, ಲಿ ಯಿಜಿ ಅಂತ ರೇಷ್ಮೆ ಬಟ್ಟೆ ಮಾರೋನು. ಜೊತೆಗೆ ಶಕುನ ಹೇಳೋನೊಬ್ಬ, ಇನ್ನೊಬ್ಬ ವರ್ತಕ. ಈ ಮೂವರ ಜೊತೆ ಅಣ್ಣತಮ್ಮಂದಿರ ಆಣೆ ಮಾಡಿ ತಾನು ದೊಡ್ಡಣ್ಣ ಆಗಿದ್ದ, ಅವರ ಮನೆಗಳ ಜೊತೆ ಹೆಣ್ಣು ಕೊಟ್ಟು ತರೋ ಸಂಬಂಧವನ್ನೂ ಬೆಳೆಸಿದ. ಮೂವರೂ ಕೋಟಿಗಟ್ಟಲೆ ಮಾಡಿಕೊಂಡರು. ಓದಿದ ಮನೆತನಸ್ಥರನ್ನ ಮಾತ್ರ ಹತ್ತಿರ ಸೇರಿಸುತ್ತಿರಲಿಲ್ಲ. ಅವರಿಗೆ ಪದವಿ ಕೊಟ್ಟರೆ ಅದು ತಮ್ಮ ಹಕ್ಕು ಅಂದ್ಕೊಳ್ತಾರೆ, ಕೊಟ್ಟವನ ಉಪಕಾರ ನೆನೆಯೋದಿಲ್ಲ ಅನ್ನೋದು ಅವನ ವಾದ. ಗುಮಾಸ್ತನಾಗಿ ಶುರು ಮಾಡಿದವನ ಹೊಟ್ಟೆಯ ಉರಿ ಅದು, ನನಗೆ ಸ್ವಲ್ಪ ಅರ್ಥ ಆಗುತ್ತೆ. ಆದರೆ ಬರೀ ಉಪಕಾರ ನೆನೆಯೋರನ್ನೇ ಸುತ್ತ ಇಟ್ಟುಕೊಂಡರೆ ಸುರಂಗದ ಸದ್ದು ಯಾರು ಹೇಳ್ತಾರೆ?

ಝಾವ್ ಯುನ್ ಅಣ್ಣ ತೀರಿಕೊಂಡ ನೆಪದಲ್ಲಿ ಬಿಟ್ಟುಹೋದ, ಆಮೇಲೆ ಲಿಯು ಬೆಯ್ ಕಡೆ ಸೇರಿದ. ಲಿಯು ಬೆಯ್ ಕೂಡ ದಕ್ಷಿಣಕ್ಕೆ ಜಾರಿದ. ಇವರ ಬಗ್ಗೆ ನಿಮ್ಮ ಧಾರಾವಾಹಿಯೇ ಸಾಕಷ್ಟು ತೋರಿಸುತ್ತೆ ಬಿಡು.

ಮಧುಗಿರಿಯವರು ಹೇಳಿದ 193ನ್ನ ನಾನು ಅರ್ಧ ಒಪ್ತೀನಿ. ಆದರೆ ಕೊನೇ ಗಳಿಗೆಯಲ್ಲೂ ಒಂದು ದಾರಿ ಇತ್ತು. ಮಗನನ್ನ ಕಪ್ಪು ಬೆಟ್ಟದ ದಂಡು ಅನ್ನೋ ಬಂಡಾಯಗಾರರ ಗುಂಪಿನ ನಾಯಕ ಝಾಂಗ್ ಯಾನ್ ಹತ್ತಿರ ಸಹಾಯಕ್ಕೆ ಕಳಿಸಿದ್ದ. ತಾನೂ ಕುದುರೆ ತಗೊಂಡು ಹೊರಗೆ ನುಗ್ಗಿ ಯುವಾನ್ ಶಾವ್ ಬೆನ್ನಿಗೆ ಬೀಳೋಣ ಅಂತ ಹೊರಟ. ತಡೆದವನು ಗುವಾನ್ ಜಿಂಗ್ ಅನ್ನೋ ಮುಖ್ಯ ಅಧಿಕಾರಿ. ಜನ ಇನ್ನೂ ನಿಂತಿರೋದು ಹೆಂಡತಿ ಮಕ್ಕಳು ಇಲ್ಲಿದ್ದಾರೆ ಅಂತ, ನೀವು ಇದ್ದೀರಿ ಅಂತ. ನೀವು ಹೊರಟರೆ ಯಿಜಿಂಗ್ ಆವತ್ತೇ ಬಿತ್ತು ಅಂದ. ಇವನು ಕೂತ.

199ರ ವಸಂತದಲ್ಲಿ ಝಾಂಗ್ ಯಾನ್ ಲಕ್ಷ ಜನ ತಗೊಂಡು ಮೂರು ದಾರಿಯಲ್ಲಿ ಹೊರಟ. ಇವನು ಮಗನಿಗೆ ಕಾಗದ ಬರೆದ: ಉತ್ತರದ ಜೌಗಿನಲ್ಲಿ ಬೆಂಕಿ ಹಚ್ಚು, ನಾನು ಒಳಗಿಂದ ಬೀಳ್ತೀನಿ. ಕಾಗದ ಯುವಾನ್ ಶಾವ್ ಕೈಗೆ ಸಿಕ್ಕಿತು. ಹೇಳಿದ ದಿನ ಬೆಂಕಿ ಹಚ್ಚಿದ್ದು ಅವನೇ. ಬಿಡಿಸೋಕೆ ಬಂದರು ಅಂತ ಇವನು ಹೊರಗೆ ಬಂದ, ಹೊಂಚು ಹಾಕಿದ್ದವರು ಹೊಡೆದರು, ಸೋತು ಮತ್ತೆ ಒಳಗೆ. ಬಿಡಿಸೋಕೆ ಹೋಗಬಾರದು ಅಂತ ಸಿದ್ಧಾಂತ ಮಾಡಿದವನು ಕೊನೆಗೆ ಬಿಡಿಸೋಕೆ ಬಂದರು ಅನ್ನೋ ಆಸೆಯಲ್ಲೇ ಮೋಸ ಹೋದ. ಆಮೇಲೆ ಬುರುಜುಗಳು ಒಂದೊಂದೇ ಕೂತವು. ಸುರಂಗ ನಡು ಬುರುಜಿಗೆ ಬಂದಾಗ ಅಕ್ಕತಂಗಿಯರು, ಹೆಂಡತಿ, ಮಕ್ಕಳ ಕುತ್ತಿಗೆ ಬಿಗಿದು, ತಾನು ಬೆಂಕಿ ಹಚ್ಕೊಂಡ.

ಗುವಾನ್ ಜಿಂಗ್ ಮಾತ್ರ, ನಾನು ತಡೆಯದೆ ಇದ್ದಿದ್ದರೆ ಹೀಗಾಗ್ತಿರಲಿಲ್ಲವೇನೋ ಅಂತ ಕುದುರೆ ಏರಿ ಒಬ್ಬನೇ ಶತ್ರು ಸೈನ್ಯದೊಳಗೆ ಹೋಗಿ ಸತ್ತ. ಅವನ ಸಲಹೆ ಕೆಟ್ಟದ್ದು ಅಂತ ಎಲ್ಲರೂ ಬೈತಾರೆ. ನನಗೆ ಹಾಗೆ ಕಾಣೋದಿಲ್ಲ. ದೊರೆ ಹೊರಗೆ ಹೋದರೆ ವಾಪಸು ಬರ್ತಾನೆ ಅಂತ ಆ ಕೋಟೆಯಲ್ಲಿ ಯಾರು ನಂಬುತ್ತಿದ್ದರು?

ಗುಡಿಬಂಡೆ ಅಮಾನಿಕೆರೆ:

ಅಣ್ಣಂದಿರೆಲ್ಲ ಗಂಡಸರ ಲೆಕ್ಕವನ್ನೇ ಹೇಳ್ತಿದ್ದೀರಿ. ಯಿಜಿಂಗ್ ಮೇಲಿದ್ದ ಹೆಂಗಸರ ಮಾತು ಒಂದು ಬಿಟ್ಟುಹೋಯ್ತು. ಗಂಡಾಳುಗಳನ್ನ ದೂರ ಇಟ್ಟಮೇಲೆ ಅಪ್ಪಣೆ ಕೆಳಗೆ ಮುಟ್ಟಬೇಕಲ್ಲ? ಹೆಂಗಸರಿಗೆ ದೊಡ್ಡ ದನಿಯಲ್ಲಿ ಕೂಗೋದು ಕಲಿಸಿದ್ದ, ನೂರಾರು ಹೆಜ್ಜೆ ದೂರಕ್ಕೆ ಕೇಳೋ ಹಾಗೆ. ಹಳೇ ಕೇಜು ಅಣ್ಣ, ನೀವೇ ಹೇಳಿದ್ರಲ್ಲ ಇವನ ಗಂಟಲು ದೊಡ್ಡದು, ಅದಕ್ಕೇ ಮಾವ ಮಗಳನ್ನ ಕೊಟ್ಟ ಅಂತ. ಅಂಥವನು ಕೊನೆಗೆ ತನ್ನ ದನೀನೂ ಬೇರೆಯವರ ಕೈಲಿ ಮಾಡಿಸಿಕೊಂಡ. ಆ ಹೆಂಗಸರು ಕಡೆಗೆ ಏನಾದರೋ.

ಇನ್ನೊಂದು. ಕೋಟೆಗೆ ಬೈಬೇಕೋ ಬೇಡವೋ ಅನ್ನೋದಕ್ಕೆ ಅದೇ ಪ್ರಾಂತದಲ್ಲಿ, ಅದೇ ವರ್ಷಗಳಲ್ಲಿ ಇನ್ನೊಬ್ಬ ಇದ್ದ, ಅವನನ್ನ ನೋಡಿ. ತಿಯಾನ್ ಚೌ ಅಂತ. ಲಿಯು ಯು ಇವನನ್ನ ರಾಜಧಾನಿಗೆ ದೂತನಾಗಿ ಕಳಿಸಿದ್ದ. ತಿರುಗಿ ಬರೋ ಹೊತ್ತಿಗೆ ಒಡೆಯನ ತಲೆ ಹೋಗಿತ್ತು. ಸೀದಾ ಸಮಾಧಿಗೆ ಹೋಗಿ ಅತ್ತ. ಗೊಂಗ್‌ಸುನ್ ಜಾನ್ ಹಿಡಿಸಿ ತರಿಸಿದ, ಅಲ್ಲಿಗೆ ಯಾಕೆ ಹೋದೆ ಅಂತ ಕೇಳಿದ್ದಕ್ಕೆ ಮುಖದ ಮೇಲೇ ಉತ್ತರ ಕೊಟ್ಟ. ಕೊಂದರೆ ಇರೋಬರೋ ಜನರೂ ಕೈಬಿಡ್ತಾರೆ ಅಂತ ಯಾರೋ ಬುದ್ಧಿ ಹೇಳಿದ ಮೇಲೆ ಬಿಟ್ಟ. ತಿಯಾನ್ ಚೌ ಶುವು ಬೆಟ್ಟಕ್ಕೆ ಹೋಗಿ, ಆಯಕಟ್ಟಿನ ಜಾಗದಲ್ಲಿ ಒಂದು ಬಯಲು ನೋಡಿ ನೆಲೆಸಿ, ತಾನೇ ಉತ್ತು ತಂದೆ ತಾಯಿನ ಸಾಕ್ತಾ ಇದ್ದ. ಜನ ತಾವಾಗೇ ಹುಡುಕ್ಕೊಂಡು ಬಂದರು, ಕೆಲವೇ ವರ್ಷದಲ್ಲಿ ಐದು ಸಾವಿರ ಮನೆ ದಾಟಿತು. ಕೊಲೆ, ಕಳ್ಳತನ, ಜಗಳಕ್ಕೆ ಇಪ್ಪತ್ತಕ್ಕೂ ಹೆಚ್ಚು ಕಟ್ಟುಕಟ್ಟಳೆ ಮಾಡಿದರು. ಮದುವೆಗೆ ರೀತಿ ಇಟ್ಟರು, ಮಕ್ಕಳಿಗೆ ಶಾಲೆ ಮಾಡಿದರು. ಇವನು ಮುತ್ತಿಗೆ ಹಾಕೋಕೆ ಹೋಗದಿದ್ದರೂ ವುಹುವಾನರೂ ಶಿಯಾನ್‌ಬೆಯ್‌ಗಳೂ ತಾವಾಗೇ ಕಾಣಿಕೆ ಕಳಿಸಿದರು.

ಯುವಾನ್ ಶಾವ್ ಕೂಡ ಅವನನ್ನ ಮತ್ತೆ ಮತ್ತೆ ಕರೆದ, ಹೋಗಲಿಲ್ಲ. ಯುವಾನ್ ಶಾವ್ ಯಿಜಿಂಗ್ ಗೆದ್ದ ಮರುವರ್ಷವೇ, 200ರಲ್ಲಿ, ಗುವಾಂದುವಿನಲ್ಲಿ ತ್ಸಾವ್ ತ್ಸಾವ್ ಅನ್ನೋ ಇನ್ನೊಬ್ಬ ಸೇನಾಪತಿ ಕೈಲಿ ಸೋತ. ಅವನ ಧಾನ್ಯದ ಉಗ್ರಾಣಕ್ಕೆ ರಾತ್ರೋರಾತ್ರಿ ಬೆಂಕಿ ಬಿತ್ತು, 202ಕ್ಕೆ ತೀರಿಹೋದ. 207ರಲ್ಲಿ ತ್ಸಾವ್ ತ್ಸಾವ್ ವುಹುವಾನರ ಮೇಲೆ ದಂಡೆತ್ತಿ ಹೋದಾಗ ಸಮುದ್ರದ ಪಕ್ಕದ ದಾರಿ ಮಳೆಗೆ ಕೆಸರಾಗಿ ಮುಂದೆ ಹೋಗೋಕಾಗಲಿಲ್ಲ. ಬೆಟ್ಟದೊಳಗಿನ ಹಳೇ ಲುಲಾಂಗ್ ದಾರಿ ತೋರಿಸಿದ್ದು ಈ ತಿಯಾನ್ ಚೌ. ಇನಾಮು ಕೊಡೋಕೆ ಬಂದರೆ ಬೇಡ ಅಂದ. ಧಾರಾವಾಹಿ ಮುಂದೆ ನೋಡ್ತಾ ಹೋದರೆ ಇವನು ಬರ್ತಾನಾ ಇಲ್ವಾ ಹೇಳಪ್ಪ ಶಿಡ್ಲಘಟ್ಟ. ನಂಗೂ ನೋಡಬೇಕು.